ಕಾಶಿಯಲ್ಲಿ ಬಿಟ್ಟ ಹಣ್ಣು

ಕಾಶಿಗೆ ಹೋದವರು ಏನಾದರೊಂದನ್ನು ಬಿಟ್ಟು ಬರಬೇಕು ಎನ್ನುವುದು ರೂಢಿ. ಹಣ್ಣೋ ತರಕಾರಿಯೋ, ಗಂಗೆಯ ನೀರು ಕೈಯಲ್ಲಿ ಹಿಡಿದು ಬಿಟ್ಟೆ ಎಂದರೆ ಮುಗಿಯಿತು, ಸಾಯುವ ತನಕ ಅದನ್ನು ಬಾಯಿಗೆ ಹಾಕುವಂತಿಲ್ಲ. ಜಾಣರು ಹಾಗಲಕಾಯಿ ಬಿಟ್ಟು ಬರುತ್ತಾರೆ.

ಮೈಸೂರಿನ ನಂಜುಂಡಸ್ವಾಮಿಯವರು ತೀರಿಕೊಂಡಾಗ ಅವರ ಹೆಂಡತಿ ಜಲಜಾಕ್ಷಿ, ಮಗ ಜಯದೇವ, ಸೊಸೆ ಪ್ರಭಾ ಮೂವರೂ ಅಸ್ಥಿ ಬಿಡಲು ಕಾಶಿಗೆ ಹೋಗಿದ್ದರು. ಕೆಲಸವೆಲ್ಲ ಮುಗಿದ ಮೇಲೆ ಪುರೋಹಿತ, ಇನ್ನು ಒಬ್ಬೊಬ್ಬರೂ ಒಂದೊಂದು ಬಿಡಿ ಎಂದ. ಜಯದೇವ ಬದನೆಕಾಯಿ ಬಿಟ್ಟ. ಚಿಕ್ಕಂದಿನಿಂದ ಅವನಿಗೆ ಬದನೆಕಾಯಿ ಕಂಡರಾಗದು. ಮಗನನ್ನು ಯಾರೂ ಏನೂ ಕೇಳಲಿಲ್ಲ. ಪ್ರಭಾ ಪರಂಗಿಹಣ್ಣು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ತಡೆದರು.

“ನಾಮ್‌ಕೇವಾಸ್ತೆ ಬಿಡಬೇಡ ಪ್ರಭಾ. ಇಷ್ಟವಾಗಿರೋದನ್ನೇ ಬಿಡಬೇಕು. ನಿಮ್ಮ ಮಾವನಿಗೆ ಸೇರೋದು ಇದು.”

ಪ್ರಭಾ ಮಾವಿನಹಣ್ಣು ಬಿಟ್ಟಳು. ಬೇಸಿಗೆ ಬಂತೆಂದರೆ ನಂಜುಂಡಸ್ವಾಮಿ ರಸಪುರಿ ತಂದು, ಊಟವಾದ ಮೇಲೆ ಸೊಸೆಯನ್ನು ಕೂಗಿ ಕರೆದು, ಇಬ್ಬರೂ ಹಜಾರದಲ್ಲಿ ಪೇಪರ್ ಹಾಸಿಕೊಂಡು ಕೂತು ಮೊಣಕೈಗೆ ರಸ ಇಳಿಯುವ ಹಾಗೆ ತಿನ್ನುತ್ತಿದ್ದರು. ಆ ಮನೆಯಲ್ಲಿ ಅವಳನ್ನು ಕರೆದು ಕೂರಿಸಿ ತಿನ್ನಿಸಿದವರು ಅವರೊಬ್ಬರೇ. ನೀರು ಬಿಡುವಾಗ ಅವಳಿಗೆ ಅಳು ಬಂತು. ಕೊನೆಗೆ ಜಲಜಾಕ್ಷಿ, “ನಾನು ಚೆರ್ರಿ ಹಣ್ಣು ಬಿಟ್ಟೆ. ನನಗೆ ಪ್ರಾಣ ಅದು” ಎಂದು ಗಟ್ಟಿಯಾಗಿ ಹೇಳಿ ಕೈ ತೊಳೆದುಕೊಂಡರು.

ಅಲ್ಲಿಂದೀಚೆಗೆ ಪ್ರಭಾ ಮಾವಿನಹಣ್ಣು ಮುಟ್ಟಿಲ್ಲ. ಗಂಡನಿಗೆ ನೆದರ್‌ಲ್ಯಾಂಡ್ಸಿನಲ್ಲಿ ಕೆಲಸ ಸಿಕ್ಕಿ, ಹೇಗ್ ನಗರಕ್ಕೆ ಅಂಟಿಕೊಂಡ ವೂರ್‌ಬರ್ಗ್‌ನಲ್ಲಿ ಮನೆ ಮಾಡಿದ ಮೇಲೂ ಮುಟ್ಟಿಲ್ಲ. ಐಸ್‌ಕ್ರೀಮಿನಲ್ಲಿ ಇಲ್ಲ, ಜ್ಯೂಸಿನಲ್ಲಿ ಇಲ್ಲ, ಸ್ನೇಹಿತರ ಮನೆಯ ಸೀಕರಣೆಯಲ್ಲೂ ಇಲ್ಲ. ಪ್ರತಿ ಬೇಸಿಗೆ ಅತ್ತೆ ಮೈಸೂರಿನಿಂದ ವಿಡಿಯೋ ಕಾಲ್ ಮಾಡಿ, ಅರ್ಧ ಚೀಪಿದ ರಸಪುರಿಯನ್ನು ಕೈಯಲ್ಲಿ ಹಿಡಿದುಕೊಂಡೇ, “ಅಯ್ಯೋ, ನೀನು ಬಿಟ್ಟಿದ್ದೀಯಲ್ವಾ, ಪಾಪ” ಎನ್ನುತ್ತಿದ್ದರು. ಅವರೂ ಪ್ರಾಣದಂಥ ಚೆರ್ರಿ ಬಿಟ್ಟವರಲ್ಲವೇ ಎಂದು ಪ್ರಭಾ ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ಈ ವರ್ಷ ಜಲಜಾಕ್ಷಿ ಮೂರು ತಿಂಗಳಿಗೆಂದು ಮಗನ ಮನೆಗೆ ಬಂದರು. ಪ್ರಭಾಳಿಗೆ ಒಂದೇ ಚಿಂತೆ. ಹೊಸದಾಗಿ ಹಿಡಿದ ಬಾಡಿಗೆ ಮನೆಯ ಹಿತ್ತಲಲ್ಲಿ ನಡುಮಧ್ಯೆ ನಿಂತಿದ್ದದ್ದು ಚೆರ್ರಿ ಮರ. ಅತ್ತೆ ಬರುವ ಮುಂಚೆಯೇ ಮಗಳು ಅನನ್ಯಾಳನ್ನು ಕರೆದು ತಾಕೀತು ಮಾಡಿದಳು.

“ಅಜ್ಜಿ ಮುಂದೆ ಚೆರ್ರಿ ಅನ್ನೋ ಮಾತೇ ಎತ್ತಬೇಡ. ಅವರಿಗೆ ತುಂಬಾ ಇಷ್ಟ, ಆದ್ರೂ ಬಿಟ್ಟಿದ್ದಾರೆ. ಸುಮ್ನೆ ಆಸೆ ಆಗುತ್ತೆ.”

“ಮರ ಕಣ್ಣೆದುರಿಗೇ ಇರುತ್ತಲ್ಲಮ್ಮ?”

“ಇರ್ಲಿ. ನೀನು ಹೆಸರು ಎತ್ತಬೇಡ, ಅಷ್ಟೆ.”

ಅನನ್ಯಾಗೆ ಹದಿನೈದು. ಹೇಳಿದಷ್ಟನ್ನೇ ಮಾಡಿ, ಅದರ ಮೇಲೆ ಒಂದು ಗುಲಗಂಜಿಯಷ್ಟೂ ಮಾಡದ ವಯಸ್ಸು. ಜಯದೇವನಿಗೆ ಹೇಳುವ ಅಗತ್ಯ ಬೀಳಲಿಲ್ಲ. ಅವನು ಮಹಡಿಯ ಕೋಣೆಯಲ್ಲಿ ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಕೂತರೆ ಹಿತ್ತಲಿಗೆ ಬೆಂಕಿ ಬಿದ್ದರೂ ಊಟದ ಹೊತ್ತಿಗೇ ಇಳಿದು ಬರುವವನು.

ಜೂನ್ ನಡುವಿಗೆ ಹಣ್ಣು ಕೆಂಪಾಯಿತು. ಹಣ್ಣಿನ ಹಿಂದೆಯೇ ಗಿಳಿಗಳು ಬಂದವು. ವೂರ್‌ಬರ್ಗ್‌ನಲ್ಲಿ ಹಸಿರು ಗಿಳಿಗಳಿವೆ ಎಂದರೆ ಮೈಸೂರಿನಲ್ಲಿ ಯಾರೂ ನಂಬಲಿಕ್ಕಿಲ್ಲ, ಆದರೆ ಬೆಳಗಾಗುವುದರೊಳಗೆ ಹಿಂಡುಗಟ್ಟಿ ಬಂದು ಅರ್ಧ ಕಚ್ಚಿ ಅರ್ಧ ಉದುರಿಸಿ ಹೋಗುತ್ತಿದ್ದವು. ಜಲಜಾಕ್ಷಿಗೆ ಕೆಲಸ ಸಿಕ್ಕಿತು. ಮರದ ಕೆಳಗೆ ಕುರ್ಚಿ ಹಾಕಿಕೊಂಡು, ಸ್ಟೀಲ್ ತಟ್ಟೆಗೆ ಸೌಟಿನಿಂದ ಬಾರಿಸುತ್ತ ಕೂತರು. ಪಕ್ಕದ ಮನೆಯ ಡಚ್ ಮುದುಕ ಬೇಲಿಯ ಮೇಲಿಂದ ಇಣುಕಿ ಏನೋ ಹೇಳಿದ. “ಹ್ಞೂಂ ಹ್ಞೂಂ, ನಿಮ್ಮ ಗಿಳಿಗಳೇ” ಎಂದು ಜಲಜಾಕ್ಷಿ ಕನ್ನಡದಲ್ಲಿಯೇ ದಬಾಯಿಸಿ ಕಳಿಸಿದರು.

ಒಂದು ಮಧ್ಯಾಹ್ನ ಬಿದ್ದ ಹಣ್ಣೊಂದನ್ನು ಎತ್ತಿ ನೋಡಿ ಮೊಮ್ಮಗಳನ್ನು ಕೇಳಿದರು.

“ಪುಟ್ಟಿ, ಇದ್ಯಾವ ಹಣ್ಣೇ? ನೇರಳೆಹಣ್ಣಿನ ಜಾತಿನಾ?”

ಅನನ್ಯಾ ಫೋನಿನಿಂದ ತಲೆ ಎತ್ತಿದಳು. ಅಮ್ಮನ ಮಾತು ನೆನಪಿತ್ತು. “ಇಲ್ಲಿನ ಹಣ್ಣು ಅಜ್ಜಿ. ನೈಸ್ ಆಗಿರುತ್ತೆ.”

“ತಿನ್ನಬಹುದಾ?”

“ಶೂರ್.”

ಅವತ್ತಿನಿಂದ ಜಲಜಾಕ್ಷಿ ಅದಕ್ಕೆ ಕೆಂಪು ನೇರಳೆ ಎಂದು ಹೆಸರಿಟ್ಟರು. ಪ್ರಭಾ ಆಫೀಸಿಗೆ ಹೋದ ಮೇಲೆ ಒಂದು ಬಟ್ಟಲು ಕಿತ್ತು, ಉಪ್ಪು ಖಾರದ ಪುಡಿ ಉದುರಿಸಿಕೊಂಡು, ಗಿಳಿ ಓಡಿಸುತ್ತ ತಿಂದರು. ಬೀಜಗಳನ್ನು ಖಾಲಿ ಮೊಸರಿನ ಡಬ್ಬಿಗೆ ಉಗಿದರು. ಇಷ್ಟು ರುಚಿಯಾದ ಹಣ್ಣನ್ನು ತಮ್ಮ ಆಯುಸ್ಸಿನಲ್ಲೇ ತಿಂದಿರಲಿಲ್ಲ. ಬೇರೆಯವರಿಗೂ ಇರಲಿ ಎಂಬ ಯೋಚನೆ ಬಟ್ಟಲು ಖಾಲಿಯಾದ ಮೇಲೆ ಬರುತ್ತಿತ್ತು.

ಜುಲೈ ಮೊದಲ ಶನಿವಾರ ಅನನ್ಯಾ ಕ್ಲಾಫೂಟಿ ಮಾಡುತ್ತೇನೆಂದು ಹೊರಟಳು. ಅವಳ ಗೆಳತಿ ಕ್ಲೇರ್‌ಳ ತಾಯಿ ಫ್ರಾನ್ಸಿನವಳು. ಅವರ ಹಳ್ಳಿ ಕಡೆ ಬೇಸಿಗೆಯಲ್ಲಿ ಮನೆಮನೆಯಲ್ಲೂ ಮಾಡುವ ತಿಂಡಿಯಂತೆ. ತಟ್ಟೆಯಲ್ಲಿ ಹಣ್ಣು ಹರಡಿ, ಮೇಲೆ ಹಾಲು ಮೊಟ್ಟೆ ಮೈದಾ ಸಕ್ಕರೆಯ ಹಿಟ್ಟು ಹೊಯ್ದು ಅವನ್‌ನಲ್ಲಿ ಇಟ್ಟರೆ ಆಯಿತು. ಸೋಮವಾರ ಒಂದು ಬಿಟ್ಟರೆ ಮೊಟ್ಟೆಗೆ ಈ ಮನೆಯಲ್ಲಿ ತಕರಾರಿಲ್ಲ. ಅಜ್ಜಿ ಮೊಮ್ಮಗಳ ಪಕ್ಕ ಸ್ಟೂಲ್ ಹಾಕಿಕೊಂಡು ಕೂತರು.

“ಹಿಟ್ಟು ನೀರಾಯ್ತಲ್ಲೇ. ನೀರ್ದೋಸೆ ಹುಯ್ಯೋ ಹಾಗಿದೆ.”

“ಹೀಗೇ ಇರ್ಬೇಕು ಅಜ್ಜಿ.”

“ಬೀಜ ತೆಗಿ ಮೊದಲು. ನಿಮ್ಮಪ್ಪನ ಹಲ್ಲು ಹೋದ್ರೆ ಇಲ್ಲಿ ಡೆಂಟಿಸ್ಟು ಮನೆ ಬರೆಸ್ಕೋತಾನೆ.”

“ಬೀಜ ತೆಗೀಬಾರ್ದು. ಬೀಜ ಇದ್ರೇನೇ ಫ್ಲೇವರು, ಬಾದಾಮಿ ಥರ ಸ್ಮೆಲ್ ಬರುತ್ತೆ. ಕ್ಲೇರ್ ಅವರಮ್ಮ ತೆಗೆಯೋದೇ ಇಲ್ಲ.”

“ಆ ಊರೋರಿಗೆ ಹಲ್ಲು ಗಟ್ಟಿ ಇರ್ಬೇಕು.”

ಅನನ್ಯಾ ಪಿಂಗಾಣಿ ತಟ್ಟೆಗೆ ಬೆಣ್ಣೆ ಸವರಿ ಸಕ್ಕರೆ ಉದುರಿಸಿ ಹಣ್ಣು ಒತ್ತೊತ್ತಾಗಿ ಜೋಡಿಸಿದಳು. ಹಿಟ್ಟು ಹೊಯ್ದಾಗ ಹಣ್ಣುಗಳು ತಲೆ ಮಾತ್ರ ಹೊರಗೆ ಹಾಕಿಕೊಂಡು ನಿಂತವು. ತಟ್ಟೆ ಅವನ್ ಒಳಗೆ ಹೋಯಿತು. ಮನೆಯೆಲ್ಲ ಬೆಣ್ಣೆ, ವೆನಿಲ್ಲಾ ಘಮಘಮಿಸತೊಡಗಿತು. ಪ್ರಭಾ ಒಗೆದ ಬಟ್ಟೆಯ ಬುಟ್ಟಿ ಹಿಡಿದು ಕೆಳಗೆ ಬಂದಳು.

“ಅನನ್ಯಾ, ಅಜ್ಜಿಗೆ ಬೇರೆ ಏನಾದ್ರೂ ಮಾಡಿದ್ದೀಯಾ? ಅವರು ಇದನ್ನ ತಿನ್ನೋ ಹಾಗಿಲ್ಲ.”

“ಯಾಕೆ ತಿನ್ನೋ ಹಾಗಿಲ್ಲ? ಇವತ್ತೇನು ಸೋಮವಾರನಾ?” ಎಂದರು ಜಲಜಾಕ್ಷಿ.

“ಮೊಟ್ಟೆ ಅಲ್ಲ ಅತ್ತೆ, ಹಣ್ಣು. ನೀವು ಕಾಶೀಲಿ ಬಿಟ್ಟಿರೋದು.”

“ನಾನು ಬಿಟ್ಟಿರೋದು ಚೆರ್ರಿ ಕಣೆ.”

“ಇದೇ ಚೆರ್ರಿ ಅತ್ತೆ.”

“ಇದಾ? ಹೋಗೆ! ಚೆರ್ರಿಗೆ ಬೀಜ ಎಲ್ಲಿರುತ್ತೆ? ನಾನು ಬೇಕರೀಲಿ ನೋಡಿಲ್ವಾ? ಕೇಕ್ ಮೇಲೆ ಇಟ್ಟಿರ್ತಾರೆ, ಅಂಟು ಅಂಟಾಗಿ.”

ಅನನ್ಯಾ ಇಬ್ಬರ ಮುಖವನ್ನೂ ನೋಡಿದಳು. “ಬಟ್ ಅಜ್ಜಿ ದಿನಾ ತಿಂತಾರಲ್ಲ. ವಿತ್ ಉಪ್ಪು ಖಾರ. ಅಮ್ಮ, ನೀನು ಹೆಸರು ಎತ್ತಬೇಡ ಅಂದೆ, ತಿನ್ನಬಾರ್ದು ಅಂತ ನನಗೆ ಹೇಳ್ಲೇ ಇಲ್ಲ.”

ಅಷ್ಟು ಹೊತ್ತಿಗೆ ಘಮಕ್ಕೆ ಇಳಿದು ಬಂದ ಜಯದೇವ ಕೊನೆಯ ಮಾತು ಕೇಳಿಸಿಕೊಂಡು ನಕ್ಕ.

“ಬೇಕರಿ ಚೆರ್ರಿನಾ? ಅಮ್ಮ ಅದನ್ನ ಯಾವತ್ತು ತಿಂದಿದ್ದಾಳೆ? ಔಷಧಿ ವಾಸನೆ ಅಂತ ಕಿತ್ತು ನನ್ನ ತಟ್ಟೆಗೆ ಹಾಕೋಳು. ನನ್ನ ಬರ್ತ್‌ಡೇ ಕೇಕಿನ ಚೆರ್ರಿ ಎಲ್ಲಾ...”

ಯಾರೂ ನಗಲಿಲ್ಲ. ಅವನು ತಾನೇನು ಹೇಳಿದೆ ಎಂದು ಯೋಚಿಸುತ್ತ ನಿಂತ. ಪ್ರಭಾ ಬಟ್ಟೆಯ ಬುಟ್ಟಿಯನ್ನು ನೆಲಕ್ಕಿಟ್ಟಳು.

“ಪ್ರಾಣ ಅಂದ್ರಿ ಅತ್ತೆ. ಗಂಗೇಲಿ ಕೈಯಿಟ್ಟು ಅಂದ್ರಿ.”

“ಈಗೇನಾಯ್ತು? ಗೊತ್ತಿಲ್ದೆ ತಿಂದಿದ್ದಕ್ಕೆ ಪಾಪ ಬರಲ್ಲ.”

“ನಿಮ್ಮ ಪಾಪ ಪುಣ್ಯ ಕೇಳ್ತಿಲ್ಲ ನಾನು. ನಾಮ್‌ಕೇವಾಸ್ತೆ ಬಿಡಬೇಡ ಅಂದು ನನ್ನ ಬಾಯಿಂದ ಮಾವಿನಹಣ್ಣು ಬಿಡಿಸಿದ್ರಿ. ನೀವು ತಿನ್ನದೇ ಇರೋದನ್ನ, ಒಂದ್ಸಲ ಕಣ್ಣಲ್ಲೂ ನೋಡಿಲ್ದೇ ಇರೋದನ್ನ ಬಿಟ್ರಿ. ಆಮೇಲೆ ಪ್ರತಿ ವರ್ಷ ಫೋನ್ ಮಾಡಿ ನನಗೆ ರಸಪುರಿ ತೋರಿಸಿದ್ರಿ!”

“ಹಿರಿಯರ ಜೊತೆ ಮಾತಾಡೋ ರೀತಿನಾ ಇದು? ಜಯದೇವ, ಕೇಳ್ತಿದ್ದೀಯೇನೋ?”

“ಕೇಳ್ತಿದ್ದೀನಮ್ಮ” ಎಂದ ಜಯದೇವ. ಅದರಿಂದ ಯಾರಿಗೂ ಉಪಯೋಗವಾಗಲಿಲ್ಲ.

ಕ್ಲಾಫೂಟಿ ಬಂಗಾರದ ಬಣ್ಣಕ್ಕೆ ಉಬ್ಬಿ ಹೊರಗೆ ಬಂತು. ತಿನ್ನಲು ಯಾರೂ ಮೇಜಿಗೆ ಬರಲಿಲ್ಲ. ಅನನ್ಯಾ ನೋಡುತ್ತಿದ್ದಂತೆಯೇ ಅದು ನಡುವೆ ತಗ್ಗಾಗಿ ಕುಸಿಯಿತು. ಅದು ಕುಸಿಯಬೇಕಾದದ್ದೇ ಎಂದು ಗೊತ್ತಿದ್ದರೂ ಹುಡುಗಿಗೆ ಅಳು ಬಂತು. ಸೋಮವಾರ ಜಯದೇವ ಅದನ್ನು ಡಬ್ಬಿಗೆ ತುಂಬಿ ಆಫೀಸಿಗೆ ಒಯ್ದ.

ಆಮೇಲಿನ ದಿನಗಳಲ್ಲಿ ಮನೆ ನಡೆಯಿತು, ಆದರೆ ಎಣ್ಣೆ ಕಾಣದ ಬಾಗಿಲಿನ ಹಾಗೆ ನಡೆಯಿತು. ಪ್ರಭಾ ಅತ್ತೆಗೆ ಕಾಫಿ ಕೊಡುವುದನ್ನು ಬಿಡಲಿಲ್ಲ, ಬಿ.ಪಿ. ಮಾತ್ರೆ ಎತ್ತಿಡುವುದನ್ನು ಬಿಡಲಿಲ್ಲ. ಮಾತು ಮಾತ್ರ ಬಿಟ್ಟಳು. ಜಲಜಾಕ್ಷಿ ಒಂದು ದಿನ ಬಿಸಿಬೇಳೆಬಾತ್ ಮಾಡಿ ಕಾದರು. ಪ್ರಭಾ ಆಫೀಸಿನಿಂದ ಬಂದು, ಹೊಟ್ಟೆ ಸರಿಯಿಲ್ಲ ಎಂದು ಬ್ರೆಡ್ಡಿಗೆ ಚೀಸ್ ಇಟ್ಟುಕೊಂಡು ಮೆಟ್ಟಿಲು ಹತ್ತಿದಳು. ಹಿತ್ತಲಲ್ಲಿ ತಟ್ಟೆಯ ಸದ್ದು ನಿಂತಿತು. ಗಿಳಿಗಳು ಯಾರ ಭಯವೂ ಇಲ್ಲದೆ ತಿಂದವು.

ಜಯದೇವ ಒಂದು ಭಾನುವಾರ ಪಾತ್ರೆ ಒರೆಸುತ್ತ ಹೆಂಡತಿಯ ಹತ್ತಿರ ಮಾತು ತೆಗೆದ.

“ಒಂದು ಹಣ್ಣಿಗೆ ಇಷ್ಟೊಂದಾ ಪ್ರಭಾ? ಬೇಕಾದ್ರೆ ನೀನೂ ತಿನ್ನು. ಇವತ್ತೇ ತರ್ತೀನಿ.”

“ರೀ, ನೀವು ಬದನೆಕಾಯಿ ಬಿಟ್ಟವರು. ನೀವು ಮಾತಾಡಬೇಡಿ.”

“ಅಮ್ಮಂಗೆ ವಯಸ್ಸಾಗಿದೆ...”

“ನಿಮ್ಮಪ್ಪ ಹೋದಾಗ ನಿಮ್ಮ ಮನೇಲಿ ಒಬ್ಬರಾದ್ರೂ ಏನಾದ್ರೂ ಬಿಟ್ರಾ? ಮಗ ಬಿಡಲಿಲ್ಲ, ಹೆಂಡತಿ ಬಿಡಲಿಲ್ಲ. ಹೊರಗಿಂದ ಬಂದವಳು ಬಿಟ್ಟೆ. ನನಗೆ ಮಾವಿನಹಣ್ಣು ಹೋಗಿದ್ದಕ್ಕೆ ಸಂಕಟ ಇಲ್ಲ. ನನ್ನ ಪೆದ್ದು ಮಾಡಿದ್ರಲ್ಲ, ಅದಕ್ಕೆ.”

ಮಧ್ಯದ ಕೋಣೆಯಲ್ಲಿ ಹೂವು ಕಟ್ಟುವ ಹಾಗೆ ಬೆರಳಾಡಿಸುತ್ತ ಸುಮ್ಮನೆ ಕೂತಿದ್ದ ಜಲಜಾಕ್ಷಿಗೆ ಇದೆಲ್ಲ ಕೇಳಿಸಿತು. ಕೇಳಿಸಲಿ ಎಂದೇ ಪ್ರಭಾ ಗಟ್ಟಿಯಾಗಿ ಹೇಳಿದ್ದಳು.

ಮರುದಿನ ಸಂಜೆ ಪ್ರಭಾ ಸೋಫಾದ ಮೇಲೆ ಬಟ್ಟೆ ಮಡಚುತ್ತಿದ್ದಾಗ ಅತ್ತೆ ಬಂದು ಎದುರು ಕೂತರು. ಕೇಳದೆಯೇ ಒಂದು ದುಪ್ಪಟಿಯ ಎರಡು ಮೂಲೆ ಹಿಡಿದರು. ದುಪ್ಪಟಿ ಒಬ್ಬರೇ ಮಡಚಲು ಬರುವುದಿಲ್ಲ, ಪ್ರಭಾ ಇನ್ನೆರಡು ಮೂಲೆ ಹಿಡಿಯಲೇಬೇಕಾಯಿತು.

“ನೀನು ಅಂದಿದ್ದು ಸರಿ” ಎಂದರು ಜಲಜಾಕ್ಷಿ. “ನಾನು ಅವರಿಗೆ ಏನೂ ಬಿಡಲಿಲ್ಲ.”

ಪ್ರಭಾ ತನ್ನ ಕಡೆಯ ಮೂಲೆಗಳನ್ನು ಎಳೆದು ಸರಿ ಮಾಡಿದಳು.

“ಅವರು ಹೋದ ಹನ್ನೊಂದನೇ ದಿನ ಏನೇನು ಬಿಡಿಸಿದ್ರು ನೀನೇ ನೋಡಿದ್ದೀಯ. ಬಳೆ ಒಡೆದ್ರು, ಹೂವು ತೆಗೆದ್ರು, ಕುಂಕುಮ ಒರೆಸಿದ್ರು. ಮದುವೆ ಮನೇಲಿ ಹಿಂದೆ ಕೂರು ಅಂದ್ರು. ಎಲ್ಲಾದಕ್ಕೂ ಹ್ಞೂಂ ಅಂದೆ. ಆಮೇಲೆ ಗಂಗೇಲಿ ಆ ಮನುಷ್ಯ ಇನ್ನೂ ಒಂದು ಬಿಡಿ ಅಂದ. ಮೈಯೆಲ್ಲಾ ಉರೀತು ಕಣೆ. ಗಂಡ ಹೋದ ಮೇಲೆ ಹಣ್ಣೂ ಹೋಗಬೇಕಾ? ಬಾಯಿಗೆ ಬಂದಿದ್ದು ಒದರಿದೆ.”

ಪ್ರಭಾಳ ಕೈಯಲ್ಲಿ ದುಪ್ಪಟಿ ಸಡಿಲವಾಯಿತು. ಈ ಮಾತನ್ನು ಅವಳು ನಿರೀಕ್ಷಿಸಿರಲಿಲ್ಲ. ಆದರೂ ಅವಳ ಪ್ರಶ್ನೆ ಹಾಗೇ ಉಳಿದಿತ್ತು.

“ಸರಿ ಅತ್ತೆ. ಮತ್ತೆ ನನ್ನ ಹತ್ರ ಯಾಕೆ ಅಷ್ಟು ಹಠ ಮಾಡಿದ್ರಿ? ನಾನೂ ಪರಂಗಿಹಣ್ಣು ಬಿಡ್ತಿದ್ನಲ್ಲ?”

ಜಲಜಾಕ್ಷಿ ದುಪ್ಪಟಿಯ ಅಂಚನ್ನು ಉಗುರಿನಿಂದ ತೀಡಿದರು.

“ಯಾರಾದ್ರೂ ಒಬ್ರು ಅವರಿಗೆ ಸರಿಯಾಗಿ ಬಿಡಬೇಕಿತ್ತಲ್ಲ ಪ್ರಭಾ. ನನ್ನ ಕೈಲಿ ಆಗಲಿಲ್ಲ. ನಿನ್ನ ಕೈಲಿ ಆಗುತ್ತೆ ಅಂತ ಗೊತ್ತಿತ್ತು.”

ಪ್ರಭಾ ಮಡಚಿದ ದುಪ್ಪಟಿಯನ್ನು ಬುಟ್ಟಿಗಿಟ್ಟು ಒಳಗೆ ಹೋದಳು. ಅವಳಿಗೆ ಸಿಟ್ಟು ಇನ್ನೂ ಇತ್ತು. ಜೊತೆಗೆ ಅತ್ತೆಯ ಮೇಲೆ ಕನಿಕರವೂ ಬಂದಿತ್ತು, ಆ ಕನಿಕರಕ್ಕೆ ಇನ್ನಷ್ಟು ಸಿಟ್ಟು ಬಂತು. ಆ ರಾತ್ರಿ ಊಟಕ್ಕೆ ಅವಳೇ ಅತ್ತೆಯ ತಟ್ಟೆಗೆ ಹುರುಳಿಕಾಯಿ ಪಲ್ಯ ಬಡಿಸಿ, “ಉಪ್ಪು ಕಮ್ಮಿ ಇದೆಯೇನೋ ನೋಡಿ” ಎಂದಳು. ಅಷ್ಟೇ ಮಾತು.

ವಾರ ಕಳೆದು ಮತ್ತೊಂದು ಶನಿವಾರ, ಜಲಜಾಕ್ಷಿ ಮೊಮ್ಮಗಳ ಕೋಣೆಯ ಬಾಗಿಲಲ್ಲಿ ನಿಂತರು.

“ಪುಟ್ಟಿ, ಮರದ ತುದೀಲಿ ಇನ್ನೂ ಒಂದಿಷ್ಟು ಉಳಿದಿದೆ. ಏಣಿ ತಾ. ಆ ತಿಂಡಿ ಇನ್ನೊಂದ್ಸಲ ಮಾಡು.”

“ಯಾಕೆ? ಯಾರೂ ತಿನ್ನಲ್ಲ. ಲಾಸ್ಟ್ ಟೈಮ್ ಅಪ್ಪನ ಆಫೀಸೋರು ತಿಂದ್ರು.”

“ನಾನು ತಿಂತೀನಿ. ಎಲ್ಲರ ಮುಂದೆ ಕೂತು ತಿಂತೀನಿ.”

ಅನನ್ಯಾ ಏಣಿ ಹತ್ತಿದಳು, ಜಯದೇವ ಏಣಿ ಹಿಡಿದ, ಅಜ್ಜಿ ಸೆರಗು ಹಿಡಿದು ನಿಂತರು. ಗಿಳಿ ಕಚ್ಚಿದ್ದನ್ನು ಬೇರ್ಪಡಿಸಿದ ಮೇಲೆ ಒಂದು ತಟ್ಟೆಗೆ ಸಾಕಾಗುವಷ್ಟು ಉಳಿಯಿತು. ಈ ಸಲ ಜಲಜಾಕ್ಷಿ ಬೀಜದ ಮಾತೆತ್ತಲಿಲ್ಲ. ಹಿಟ್ಟಿನಲ್ಲಿ ಗಂಟಿಲ್ಲದ ಹಾಗೆ ತಾವೇ ಕಲಸಿಕೊಟ್ಟರು. ಉಬ್ಬಿ ಬಂದದ್ದನ್ನು ಉಗುರುಬೆಚ್ಚಗೆ ಆರಲು ಬಿಟ್ಟು, ಅದು ಕುಸಿದ ಮೇಲೆ  ಅನನ್ಯಾ ಸಕ್ಕರೆ ಪುಡಿ ಜರಡಿ ಹಿಡಿದಳು. ನಾಲ್ಕು ತುಂಡು ನಾಲ್ಕು ತಟ್ಟೆಗೆ ಬಂತು. ಪ್ರಭಾಳೂ ಬಂದು ಕೂತಳು.

ಜಲಜಾಕ್ಷಿ ಒಂದು ತುತ್ತು ಬಾಯಿಗಿಟ್ಟರು. ಬೀಜ ಹುಡುಕಿ ತೆಗೆದು ತಟ್ಟೆಯ ಅಂಚಿಗಿಟ್ಟರು.

“ಗಿಣ್ಣು ಇದ್ದ ಹಾಗಿದೆ ಕಣೆ ಪುಟ್ಟಿ. ಹುಳಿ ಸಿಹಿ ಎರಡೂ. ಎಷ್ಟು ಚೆನ್ನಾಗಿದೆ!”

ತಟ್ಟೆ ಖಾಲಿಯಾಗುವ ತನಕ ಮತ್ತೆ ಮಾತಾಡಲಿಲ್ಲ. ಆಮೇಲೆ ಕೈಯೊರೆಸಿಕೊಂಡು ಸೊಸೆಯ ಕಡೆ ತಿರುಗಿದರು.

“ಪ್ರಭಾ, ನಿನ್ನ ಮಾವಿನಹಣ್ಣು ನನಗೆ ಕೊಡು.”

“ಏನು?”

“ನೀನು ಬಿಟ್ಟಿದ್ದೀಯಲ್ಲ, ಅದನ್ನ ನಾನು ಬಿಡ್ತೀನಿ. ನೀನು ತಿನ್ನು.”

“ಅಮ್ಮ, ಅದನ್ನೆಲ್ಲ ಹಾಗೆ ಟ್ರಾನ್ಸ್‌ಫರ್ ಮಾಡೋಕಾಗುತ್ತಾ?” ಎಂದ ಜಯದೇವ.

“ನೀನು ಸುಮ್ನಿರು, ಬದನೆಕಾಯಿ.”

ಅನನ್ಯಾ ಕಿಸಕ್ಕನೆ ನಕ್ಕಳು. ಪ್ರಭಾ ನಗಲಿಲ್ಲ. “ನಿಮಗೆ ರಸಪುರಿ ಅಂದ್ರೆ ಎಷ್ಟಿಷ್ಟ ಅಂತ ಗೊತ್ತು ಅತ್ತೆ. ಬೇಡ. ಅಲ್ಲದೆ ಗಂಗೇಲಿ ಬಿಟ್ಟಿದ್ದು, ಇಲ್ಲಿ ಗಂಗೆ ಎಲ್ಲಿದ್ದಾಳೆ?”

“ಗಂಗೆನೇ ನನ್ನ ಸುಳ್ಳು ಚೆರ್ರಿ ತಗೊಂಡು ಸುಮ್ನಿದ್ದಳು. ಈ ನಲ್ಲಿ ನೀರು ನಿಜದ ಮಾವಿನಹಣ್ಣು ತಗೊಳ್ಳಲ್ವಾ?”

ಎದ್ದು ಸಿಂಕಿನ ಹತ್ತಿರ ಹೋಗಿ ನಲ್ಲಿ ತಿರುಗಿಸಿ, ಬೊಗಸೆಯಲ್ಲಿ ನೀರು ಹಿಡಿದರು. ತುಟಿ ಅಲ್ಲಾಡಿತು. ಗಂಡನ ಹೆಸರು ಮಾತ್ರ ಕೇಳಿಸಿತು. ನೀರು ಬೆರಳ ಸಂದಿಯಿಂದ ಇಳಿದು ಹೋಯಿತು. ವಾಪಸ್ ಬಂದು ಕೂತಾಗ ಅವರ ಕಣ್ಣು ಒದ್ದೆಯಾಗಿತ್ತು, ಆದರೆ ತಟ್ಟೆ ಮುಂದೆ ಚಾಚಿದರು.

“ಇನ್ನೊಂದು ತುಂಡು ಇದ್ರೆ ಹಾಕು.”

ತುಂಡು ಉಳಿದಿರಲಿಲ್ಲ. ಪ್ರಭಾ ತನ್ನ ತಟ್ಟೆಯಲ್ಲಿದ್ದದ್ದನ್ನು ಅತ್ತೆಯ ತಟ್ಟೆಗೆ ದಾಟಿಸಿದಳು.

ಜುಲೈ ಕೊನೆಗೆ ಮರದಲ್ಲಿ ಎಲೆ ಬಿಟ್ಟರೆ ಏನೂ ಇರಲಿಲ್ಲ. ಹೇಗ್‌ನ ಮಾರ್ಕೆಟ್ಟಿಗೆ ಕೊತ್ತಂಬರಿ ಮೆಣಸಿನಕಾಯಿ ತರಲು ಹೋದ ಪ್ರಭಾ, ಮಾವಿನಹಣ್ಣಿನ ಪೆಟ್ಟಿಗೆಗಳ ಮುಂದೆ ಒಂದಿಷ್ಟು ಹೊತ್ತು ನಿಂತಳು. ಒಂದು ಸಲ ದಾಟಿ ಮುಂದೆ ಹೋಗಿ ಮತ್ತೆ ಹಿಂದೆ ಬಂದಳು. ಪಾಕಿಸ್ತಾನದ ಹಣ್ಣು, ಹಳದಿಗೆ ತಿರುಗಿದ್ದವು. ಎರಡು ತೆಗೆದುಕೊಂಡಳು. ಪಕ್ಕದ ಅಂಗಡಿಯಿಂದ ಒಂದು ಪೊಟ್ಟಣ ಚೆರ್ರಿಯನ್ನೂ ತಂದಳು.

ಊಟವಾದ ಮೇಲೆ ಮೇಜಿನ ಮೇಲೆ ಪೇಪರ್ ಹಾಸಿದಳು. ಜಯದೇವ ಏನೋ ಹೇಳಲು ಹೊರಟು ಮಗಳ ಕಣ್ಣು ನೋಡಿ ಸುಮ್ಮನಾದ. ಪ್ರಭಾ ಹಣ್ಣಿನ ತೊಟ್ಟು ಕಿತ್ತು, ಸಿಪ್ಪೆ ಹಲ್ಲಿನಿಂದಲೇ ಎಳೆದಳು. ಮೊದಲ ತುತ್ತಿಗೇ ರಸ ಮುಂಗೈ ದಾಟಿ ಮೊಣಕೈಗೆ ಇಳಿಯಿತು. ಅವಳು ಅಳುತ್ತ ತಿಂದಳು, ತಿನ್ನುತ್ತ ಅತ್ತಳು. ಯಾರೂ ಸಮಾಧಾನ ಹೇಳಲಿಲ್ಲ.

ಜಲಜಾಕ್ಷಿ ಎದುರಿಗೆ ಚೆರ್ರಿಯ ಬಟ್ಟಲು ಹಿಡಿದು ಕೂತಿದ್ದರು. ಒಂದನ್ನೂ ಬಾಯಿಗೆ ಹಾಕಿರಲಿಲ್ಲ.

“ಹೇಗಿದೆ?” ಎಂದು ಕೇಳಿದರು.

“ನಮ್ಮ ರಸಪುರಿಯಷ್ಟು ಇಲ್ಲ ಅತ್ತೆ.”

“ಸುಳ್ಳು ಹೇಳಬೇಡ. ಇಲ್ಲಿ ತನಕ ಘಂ ಅಂತಿದೆ.”

ಇನ್ನೂ ಸ್ವಲ್ಪ ಹೊತ್ತು ಅವರು ಸೊಸೆಯ ಕೈಯನ್ನೇ ನೋಡುತ್ತ ಕೂತರು. ಆಮೇಲೆ ಮುಖ ಆಚೆ ತಿರುಗಿಸಿದರು.

“ಪುಟ್ಟಿ, ಆ ಕಿಟಕಿ ಒಂಚೂರು ತೆಗಿ.”